ಗುರುತಿನ ಕಲ್ಲು

ಹೂ ಇರುವಾಗ ತಿನ್ನುವಂತಿಲ್ಲ,
ತಿನ್ನುವ ಕಾಲಕ್ಕೆ ಹೂ ಇಲ್ಲ:
ದುಗ್ಗಿ ಚಿಕ್ಕಿಯ ಪೇಚು ಇಷ್ಟೇ.

ಸೋಣೆ ತಿಂಗಳಲ್ಲಿ, ಕೊಡಚಾದ್ರಿಯ ಪಡುವಣ ಇಳಿಜಾರಿಗೆ
ಮಂಜು ಒಂದು ಗಳಿಗೆ ಬಿಡುವು ಕೊಟ್ಟರೆ
ಹುಲ್ಲಿನೊಳಗಿಂದ ಬಿಳಿ ಕಹಳೆಗಳು ಕಾಣುತ್ತಿದ್ದವು,
ಗೇಣುದ್ದ, ಊದುವವರಿಲ್ಲದೆ.
ಆಗ ಗಡ್ಡೆ ಬರೀ ನೀರು. ಕಿತ್ತರೆ ಬಾಯಿಗೆ ಸಪ್ಪೆ, ಬೆಟ್ಟಕ್ಕೆ ನಷ್ಟ.
ಪುಷ್ಯದ ಹೊತ್ತಿಗೆ ಹಿಟ್ಟು ತುಂಬುತ್ತದೆ,
ಅಷ್ಟರಲ್ಲಿ ಕಾಂಡ ಒಣಗಿ, ಗಾಳಿಗೆ ಮುರಿದು
ಇಡೀ ಗುಡ್ಡ ಒಂದೇ ಬಣ್ಣದ ಕರಡ.

ಅದಕ್ಕೇ ಅವಳು ಹೂ ಕಂಡಲ್ಲಿ ಕಲ್ಲಿಡುತ್ತಿದ್ದಳು.
ಮುಷ್ಟಿಗಿಂತ ದೊಡ್ಡದು, ತೆಂಗಿನಕಾಯಿಗಿಂತ ಸಣ್ಣದು,
ಬುಡದಿಂದ ಎರಡು ಬೆರಳು ಕೆಳಗೆ.
"ಮೇಲಿಟ್ಟರೆ ಉರುಳಿ ಅದರ ಕುತ್ತಿಗೆ ಮುರೀತದೆ."
'ಅದು' ಅಂತಲೇ ಅನ್ನುತ್ತಿದ್ದಳು. ಹೆಸರು ಕೇಳಿದರೆ
"ಕರೆದರೆ ಆಳಕ್ಕಿಳೀತದೆ ಮಾರಾಯ, ಸುಮ್ನಿರು."

ಒಂಬತ್ತು ವರ್ಷದವನು ನಾನು, ಅವಳ ಜೊತೆ
ಸಂಪೆಕಟ್ಟೆಯಿಂದ ನಡೆದೇ ಹತ್ತಿದವನು,
ಒಂದು ಸಲ ನಾನೇ ಅಗೆದು ತಂದೆ. ದೊಡ್ಡದು, ನೋಡಲು ಈರುಳ್ಳಿ.
ಕಂಡದ್ದೇ ಕೈಗೆ ಹೊಡೆದಳು.
ಅಡ್ಡ ಸೀಳಿ ತೋರಿಸಿದಳು, ಸುತ್ತಿನೊಳಗೆ ಸುತ್ತು.
"ಹೀಗೆ ಮುಚ್ಚಿಕೊಂಡಿದ್ದು ಕಾಡೀರುಳ್ಳಿ, ಕರುಳು ಸುಡ್ತದೆ.
ನಮ್ದು ನೋಡು."
ಬೆಳ್ಳುಳ್ಳಿಯ ಹಾಗೆ ಎಸಳು ಎಸಳು,
ಒತ್ತಿದರೆ ಸಾಕು, ತಾನಾಗಿ ಬಿಟ್ಟುಕೊಡುತ್ತಿತ್ತು.
ಹೊರಗಿನ ಮೂರು ಅದೇ ಗುಂಡಿಗೆ ವಾಪಸು,
ಮೇಲೆ ಮಣ್ಣು, ಮಣ್ಣಿನ ಮೇಲೆ ಅವಳ ಅಂಗಾಲು.
ಒಂದು ಮುಳ್ಳುಹಂದಿಗೆ, ಒಂದು ಕೊಳೆಯಲಿಕ್ಕೆ.
ಮೂರನೆಯದಕ್ಕೆ ಕಾರಣ ಹೇಳಲೇ ಇಲ್ಲ.

ಬಿಸಿಬೂದಿಯಲ್ಲಿ ಹೂತು ಸುಟ್ಟರೆ
ಹಲಸಿನ ಬೀಜಕ್ಕೂ ಗೆಣಸಿಗೂ ನಡುವಿನ ರುಚಿ,
ಕೊನೆಗೆ ನಾಲಿಗೆಯ ಹಿಂದೆ ಸಣ್ಣ ಕಹಿ,
ಯಾರೋ ಬೈದು ಹೋದ ಹಾಗೆ.
ಉಪ್ಪು ಹಾಕಬಾರದು ಅನ್ನುವಳು.
ಉಪ್ಪು ಇರುತ್ತಿರಲಿಲ್ಲ, ಅದೂ ನಿಜ.

ಆಮೇಲೆ ನಾನು ಜೀಪು ಕಲಿತೆ.
ಇಪ್ಪತ್ತೆರಡು ವರ್ಷ, ನಿಟ್ಟೂರಿನಿಂದ ಮೇಲಕ್ಕೆ,
ಎಂಟು ಜನ, ಮೊದಲ ಗೇರು, ಅವರ ಕೂಗು, ಕೆಮ್ಮಣ್ಣು.
ಚಿಕ್ಕಿ ಹೋದದ್ದು ಕಾರ್ತಿಕದಲ್ಲಿ,
ಅಂದರೆ ಹೂ ಮುಗಿದ ಮೇಲೆ, ಅಗೆತಕ್ಕೆ ಮೊದಲು.

ಪುಷ್ಯದಲ್ಲಿ ಒಂದು ದಿನ ಖಾಲಿ ಜೀಪು ಬಿಟ್ಟುಕೊಂಡು ಹೋಗಿ
ಅವಳ ಕತ್ತಿ ಹಿಡಿದು ಹುಲ್ಲಿಗಿಳಿದೆ.
ಗುಡ್ಡದ ತುಂಬ ಕಲ್ಲು.
ಯಾವುದು ಅವಳಿಟ್ಟದ್ದು, ಯಾವುದು ಗುಡ್ಡವೇ ಇಟ್ಟದ್ದು?
ತೆಂಗಿನಕಾಯಿಗಿಂತ ಸಣ್ಣವೇ ನೂರಿದ್ದವು.
ಹನ್ನೊಂದು ಕಡೆ ಅಗೆದೆ. ಇರುವೆ. ಬೇರು. ಒಂದು ಬಿಯರ್ ಮುಚ್ಚಳ.
ಹನ್ನೆರಡನೆಯದರಲ್ಲಿ ಉಗುರಿನಷ್ಟು ಒಂದು,
ನಾಲ್ಕೇ ಎಸಳು, ಇನ್ನೂ ಯಾರದ್ದೂ ಅಲ್ಲದ್ದು.
ಮುಚ್ಚಿದೆ. ಕಲ್ಲು ಮತ್ತೆ ಇಟ್ಟೆ, ಎರಡು ಬೆರಳು ಕೆಳಗೆ.

ವಾಪಸು ಬಂದು ಜೀಪು ಹತ್ತುವಾಗ ಕಂಡದ್ದು
ಹಿಂದಿನ ಚಕ್ರಕ್ಕೆ ನಾನೇ ಕೊಟ್ಟಿದ್ದ ಅಡ್ಡಗಲ್ಲು.
ಬ್ರೇಕು ನಂಬುವ ದಾರಿಯಲ್ಲ ಅದು. ನಿಲ್ಲಿಸಿದಲ್ಲೆಲ್ಲ
ಕ್ಲೀನರ್ ಹುಡುಗ ಪಕ್ಕದ ಹುಲ್ಲಿಗೆ ಕೈಹಾಕಿ
ಸಿಕ್ಕ ಕಲ್ಲು ತರುತ್ತಾನೆ, ಹೊರಡುವಾಗ ಒದ್ದು ಬರುತ್ತಾನೆ.
ಅವನಿಗಿಂತ ಮೊದಲು ನಾನೇ ತರುತ್ತಿದ್ದೆ.
ಇಪ್ಪತ್ತೆರಡು ವರ್ಷ, ದಿನಕ್ಕೆ ಮೂರು ಸಲ.
ಮುಷ್ಟಿಗಿಂತ ದೊಡ್ಡದು,
ಚಕ್ರಕ್ಕೆ ಸರಿಯಾಗಿ.

ಚಿಕ್ಕಿ ಒಮ್ಮೆ ಅಂದಿದ್ದಳು,
"ಈಚೆಗೆ ಗುಡ್ಡ ಕಲ್ಲು ನುಂಗ್ತದೆ ಕಣಾ."
ವಯಸ್ಸಾಯಿತು ಅಂದುಕೊಂಡು ನಕ್ಕಿದ್ದೆ.

ಈಗ ಸೀಟಿನ ಕೆಳಗೆ ಮತ್ತಿಮರದ ತುಂಡೊಂದಿದೆ.
ಹುಡುಗ ಕೇಳಿದ, ಇಷ್ಟು ಕಲ್ಲಿರುವಾಗ ಇದ್ಯಾಕಣ್ಣ ಎಂದು.
"ಅದು..." ಎಂದೆ.
ಮುಂದಕ್ಕೆ ಬರಲಿಲ್ಲ.
ಮೊದಲ ಗೇರು ಹಾಕಿದೆ.